ಆರುನೂರ ಹನ್ನೊಂದನೆಯ ಹೆಸರು

ಕೆದಂಬಾಡಿಯಲ್ಲಿ ಯಾರಾದರೂ ತೀರಿಕೊಂಡರೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಮುಂಚೆಯೇ ಆ ಮನೆಯ ಅಂಗಳದಲ್ಲಿ ಹಾಜರಾಗುವವರು ಅಂಗನವಾಡಿಯ ಕುಮುದಿನಿ ಟೀಚರ್. ಸಮಾಧಾನ ಹೇಳಲು ಬಂದರೆಂದುಕೊಂಡರೆ ನೀವು ಆ ಊರಿನವರಲ್ಲ. ಒಂದು ಲೋಟ ನೀರು ಕುಡಿದು, ಎರಡು ಮಾತಾಡಿ, ಮೆಲ್ಲಗೆ ಚೀಲದಿಂದ ಅರ್ಜಿ ತೆಗೆಯುತ್ತಿದ್ದರು. "ಮರಣದ ಸರ್ಟಿಫಿಕೇಟಿನ ಜೆರಾಕ್ಸ್ ಒಂದು ಬೇಕಿತ್ತು." ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸ ಅವರ ಕೊರಳಿಗೆ ಬಿದ್ದು ಹದಿನಾರು ವರ್ಷವಾಗಿತ್ತು. ಬೇರೆ ಬೂತುಗಳಲ್ಲಿ ಸತ್ತು ಹತ್ತು ವರ್ಷವಾದವರೂ ಪಟ್ಟಿಯಲ್ಲಿ ಆರಾಮಾಗಿ ಕುಳಿತಿರುತ್ತಿದ್ದರು. ಇವರ ಪಟ್ಟಿಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ಅಂಗಡಿಯ ಹಸನಬ್ಬನಿಗೆ ಇವರನ್ನು ಕೆಣಕದಿದ್ದರೆ ತಿಂದದ್ದು ಕರಗದು. "ಟೀಚರೇ, ಜನ ಕಡಿಮೆ ಆದ್ರೆ ದಿಲ್ಲಿಯಲ್ಲಿ ನಮ್ಮ ಕಡೆಯ ಸೀಟೂ ಕಡಿಮೆ ಆಗ್ತದಂತೆ. ನೀವು ಹೀಗೆ ಹೆಸರು ಕತ್ತರಿಸ್ತಾ ಹೋದ್ರೆ ನಮ್ಮ ಪರ ಮಾತಾಡ್ಲಿಕ್ಕೆ ಅಲ್ಲಿ ಯಾರುಂಟು ಮಾರಾಯ್ರೆ?"

"ಸತ್ತವರ ಪರ ಯಾರೂ ಮಾತಾಡುದು ಬೇಡ," ಎನ್ನುತ್ತಿದ್ದರು ಟೀಚರ್. ನಗುತ್ತಿರಲಿಲ್ಲ.

ಅವರು ಮೊದಲ ಓಟು ಹಾಕಿದಾಗ ಲೋಕಸಭೆಗೆ ಕ್ಷೇತ್ರದ ಹೆಸರು ಮಂಗಳೂರು. ಘಟ್ಟದ ಮೇಲಿನ ಕೊಡಗಿನವರೂ ಪುತ್ತೂರು ಸುಳ್ಯದವರೂ ಸೇರಿ ಒಬ್ಬರನ್ನು ದಿಲ್ಲಿಗೆ ಕಳಿಸುತ್ತಿದ್ದ ಕಾಲ. ಆಮೇಲೆ ಗೆರೆ ಬದಲಾಯಿತು, ಕೊಡಗು ಆಚೆ ಹೋಯಿತು, ಪಟ್ಟಿಯ ತಲೆಯಲ್ಲಿ 'ದಕ್ಷಿಣ ಕನ್ನಡ' ಎಂದು ಅಚ್ಚಾಯಿತು. ಆ ಹೊಸ ಪಟ್ಟಿಯೇ ಕುಮುದಿನಿಯ ಕೈಗೆ ಬಂದ ಮೊದಲ ಪಟ್ಟಿ. ಅವರ ಮಗಳು ಹೋಗಿ ಆಗ ಒಂದು ವರ್ಷ ತುಂಬಿರಲಿಲ್ಲ.

ಮಗಳ ಹೆಸರು ಭವಿತಾ. ಎರಡೂವರೆ ವರ್ಷಕ್ಕೆ ಜ್ವರ ಬಂದು, ಪುತ್ತೂರಿಗೆ ಹೋಗುವ ಜೀಪಿನಲ್ಲಿ, ತಾಯಿಯ ಮಡಿಲಲ್ಲೇ ತಣ್ಣಗಾದಳು. ಗಂಡ ತನಿಯಪ್ಪ ಮರಣ ಬರೆಸಲು ಹೊರಟಾಗ ಕುಮುದಿನಿ ಬಾಗಿಲಿಗೆ ಅಡ್ಡ ನಿಂತಿದ್ದರು. "ಆ ಕಾಗದ ಈ ಮನೆಗೆ ಬಂದ್ರೆ ನಾನು ಇರುದಿಲ್ಲ." ಊರಿನ ಮನೆಮನೆಯಿಂದ ಸರ್ಟಿಫಿಕೇಟು ವಸೂಲಿ ಮಾಡಿದ ಹೆಂಗಸಿನ ಮನೆಯಲ್ಲಿ ಅದೊಂದು ಮಾತ್ರ ಇರಲಿಲ್ಲ. ಊರಿಗೆ ಇದು ಗೊತ್ತಿರಲಿಲ್ಲ.

ತೀರಿಕೊಂಡ ಮಕ್ಕಳು ಆ ಲೋಕದಲ್ಲಿ ಬೆಳೆಯುತ್ತವೆ ಎಂಬುದು ಈ ಕಡೆಯ ನಂಬಿಕೆ. ಪ್ರಾಯ ಬಂದರೆ ಅಂಥದೇ ಒಂದು ಕುಲೆಯನ್ನು, ಅಂದರೆ ತೀರಿಕೊಂಡ ಹುಡುಗನನ್ನು, ಹುಡುಕಿ ಮದುವೆ ಮಾಡಿಸುವವರೂ ಇದ್ದಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಗತಿಸಿದವರಿಗೆ ಬಡಿಸುವಾಗ ತನಿಯಪ್ಪ ಮಗಳಿಗೂ ಒಂದು ಎಲೆ ಹಾಕುತ್ತಿದ್ದ. ಮೊದಲ ವರ್ಷ ಅಂಗೈಯಗಲದ್ದು. ಮತ್ತೆ ವರ್ಷ ವರ್ಷ ಸ್ವಲ್ಪ ದೊಡ್ಡದು. ಕಳೆದ ಆಟಿಯಲ್ಲಿ ತುದಿ ಸಮೇತ ಪೂರ್ತಿ ಎಲೆಯನ್ನೇ ಹಾಕಿದ. ಕುಮುದಿನಿ ಆ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ.

ಜನವರಿಯಲ್ಲಿ ಫೋಟೊ ಇರುವ ಪಟ್ಟಿ ಬಂತು. ಅಂಗನವಾಡಿಯ ಮಕ್ಕಳು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಟೀಚರ್ ಒಂದೊಂದೇ ಹೆಸರಿಗೆ ಬೆರಳಿಟ್ಟು ನೋಡುತ್ತಾ ಬಂದರು. ಆರುನೂರ ಹನ್ನೊಂದರಲ್ಲಿ ಬೆರಳು ನಿಂತಿತು. ಭವಿತಾ. ತಂದೆ ತನಿಯಪ್ಪ. ಮನೆ ನಂಬ್ರ ತಮ್ಮದೇ. ಪ್ರಾಯ ಹದಿನೆಂಟು.

ಫೋಟೊದಲ್ಲಿ ಒಬ್ಬ ಹುಡುಗಿ ಇದ್ದಳು. ಎರಡು ಜಡೆ, ಗಂಡನ ಮನೆಯವರ ಅಗಲ ಹಣೆ, ತಮ್ಮದೇ ಗಲ್ಲ. ಎಡ ಹುಬ್ಬಿನ ಮೇಲೆ ಸಣ್ಣ ಗೀರು. ಒಂದು ವರ್ಷದ ಮಗು ಹೊಸ್ತಿಲು ಎಡವಿ ಬಿದ್ದಾಗ ಆದ ಗಾಯ ಅದು. ಅರಿಸಿನ ಒತ್ತಿ ಹಿಡಿದದ್ದು ಇದೇ ಕೈ.

ತಾಲೂಕು ಕಚೇರಿಯ ಕಂಪ್ಯೂಟರಿನ ಸುಪ್ರಿತಾಳಿಗೆ ಫೋನು ಮಾಡಿದರು. ಅವಳು ನೋಡಿ ಹೇಳಿದಳು, "ನಿಮ್ಮ ಮೊಬೈಲಿಂದಲೇ ಒಪ್ಪಿಗೆ ಆಗಿದೆ ಟೀಚರ್. ಮನೆಗೆ ಹೋಗಿ ಹುಡುಗಿಯನ್ನು ನೋಡಿದ್ದೇನೆ ಅಂತ ಹಾಕಿದ್ದೀರಿ. ಆಗಸ್ಟಲ್ಲಿ, ಮಧ್ಯಾಹ್ನ ಒಂದೂವರೆಗೆ." ಅವಳು ಹೇಳಿದ ತಾರೀಕು ತನಿಯಪ್ಪ ಎಲೆ ಹಾಕಿದ ದಿನದ್ದು. ಆ ಹೊತ್ತಿಗೆ ಮೊಬೈಲು ಅಡುಗೆ ಕೋಣೆಯಲ್ಲಿ ಚಾರ್ಜಿಗಿತ್ತು.

"ಹೆಸರು ತೆಗಿಲಿಕ್ಕುಂಟು," ಎಂದರು ಕುಮುದಿನಿ.

"ಸರ್ಟಿಫಿಕೇಟು ಉಂಟಾ?"

"ಇಲ್ಲ."

"ಹಾಗಾದ್ರೆ ಹುಡುಗಿ ತೀರಿಹೋಗಿದ್ದಾಳೆ ಅಂತ ಅಪ್ಪನೋ ಅಮ್ಮನೋ ಕೈಯಾರೆ ಬರೆದುಕೊಡ್ಬೇಕು."

ಮನೆಗೆ ಬಂದು ಪಟ್ಟಿಯನ್ನು ಗಂಡನ ಮುಂದೆ ಹಿಡಿದರು. ತನಿಯಪ್ಪ ಹೆದರಲಿಲ್ಲ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದ. "ಚಂದ ಆಗಿದ್ದಾಳೆ," ಎಂದ. "ಇದೊಂದು ಸಲ ಹೆಸರು ಇರ್ಲಿ. ಒಂದು ಓಟಿಗೆ ಮಾತ್ರ. ಒಂದು ಹೆಸರಿಂದ ದಿಲ್ಲಿ ಮುಳುಗ್ತದಾ?"

"ಯಾರಾದ್ರೂ ಪಕ್ಷದ ಏಜೆಂಟರು ನೋಡಿದ್ರೆ ನನ್ನ ಕೆಲಸ ಹೋಗ್ತದೆ."

"ನಿನಗೆ ಇವಳನ್ನು ನೋಡುವಾಗ ಎಂತ ಅನ್ನಿಸುದಿಲ್ವಾ?"

ಅನ್ನಿಸದೆ ಏನು? ಹದಿನೆಂಟಕ್ಕೆ ಮಗಳು ಹೇಗಿರುತ್ತಿದ್ದಳೆಂದು ಅವರಿಗೆ ತೋರಿಸಿದ್ದು ಈ ಲೋಕದಲ್ಲಿ ಅದೊಂದೇ ಕಾಗದ. ಮೂರು ವಾರ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಿದರು. ಬಸ್ಸಿನಲ್ಲಿ, ಬಚ್ಚಲಲ್ಲಿ, ಮಕ್ಕಳಿಗೆ ಗಂಜಿ ಬಡಿಸುವ ನಡುವೆ ತೆಗೆದು ನೋಡಿದರು. ನೋಡಿದಷ್ಟೂ ಹೆದರಿಕೆ ಹೆಚ್ಚಿತು, ಆಸೆಯೂ ಹೆಚ್ಚಿತು. ಕೊನೆಗೆ ಗೆದ್ದದ್ದು ಹೆದರಿಕೆ. ನನ್ನನ್ನು ಕೇಳಿದರೆ ಅದು ಕೆಲಸ ಹೋದೀತೆಂಬ ಹೆದರಿಕೆಯಲ್ಲ. ಇಷ್ಟು ವರ್ಷ ಬೆಳೆಯುತ್ತಾ ಮನೆಯಲ್ಲೇ ಇದ್ದ ಮಗಳಿಗೆ ಒಂದು ತುತ್ತೂ ಬಡಿಸಲಿಲ್ಲವಲ್ಲ, ಆ ಲೆಕ್ಕವನ್ನು ಎದುರಿಸುವ ಧೈರ್ಯ ಅವರಿಗಿರಲಿಲ್ಲ. ಸತ್ತಿದ್ದಾಳೆ ಎಂದು ಬರೆದರೆ ಮುಗಿಯಿತು. ಬರೆದರು. ಅರ್ಜಿದಾರರ ಸಂಬಂಧ ಎಂಬಲ್ಲಿ 'ತಾಯಿ' ಎಂದು ತುಂಬಿ ಸಹಿ ಹಾಕಿದರು.

ಕೊನೆಯ ಪಟ್ಟಿಯಲ್ಲಿ ಆ ಚೌಕದ ಮೇಲೆ ಅಡ್ಡಕ್ಕೆ 'ಅಳಿಸಲಾಗಿದೆ' ಎಂಬ ಅಕ್ಷರ ಬಿದ್ದಿತ್ತು. ಮುಖ ಕಾಣುತ್ತಿರಲಿಲ್ಲ. ತನಿಯಪ್ಪ ಅಂದಿನಿಂದ ಹೆಂಡತಿಯೊಡನೆ ಮಾತು ಬಿಟ್ಟ.

ಏಪ್ರಿಲಿನಲ್ಲಿ ಓಟು. ಸುಡುಬಿಸಿಲು. ಶಾಲೆಯ ಜಗಲಿಯಲ್ಲಿ ಮೇಜು ಹಾಕಿ ಟೀಚರ್ ಬಂದವರಿಗೆಲ್ಲ ಚೀಟಿ ಬರೆದುಕೊಟ್ಟರು. ಮಧ್ಯಾಹ್ನ ಸಾಲು ಕರಗಿದ ಮೇಲೆ ಒಳಗಿನ ಪೋಲಿಂಗ್ ಆಫೀಸರು ಹೊರಗೆ ಬಂದ. ಕಡಬದ ಕಡೆಯ ಮೇಷ್ಟ್ರು, ವಿಷ್ಣುಪ್ರಸಾದ್ ಅಂತ ಹೆಸರು. ಈ ಊರಿಗೆ ಹೊಸಬ.

"ಟೀಚರ್, ಈಗ ಒಂದು ಹುಡುಗಿ ಬಂದಿದ್ಳಲ್ಲ, ಆರುನೂರ ಹನ್ನೊಂದು ಅಂತ ಹೇಳಿದ್ಳು. ನೋಡಿದ್ರೆ ಅಳಿಸಿದ ಹೆಸರು."

ಜಗಲಿ ದಾಟದೆ ಒಳಗೆ ಹೋಗುವ ದಾರಿ ಆ ಶಾಲೆಗಿಲ್ಲ. ಕಳೆದ ಒಂದು ಗಂಟೆಯಲ್ಲಿ ಯಾವ ಹುಡುಗಿಯೂ ಜಗಲಿ ದಾಟಿರಲಿಲ್ಲ.

"ಎಂತ ಹೇಳಿದ್ಳು?" ಕುಮುದಿನಿ ಕೇಳಿದರು.

"ಯಾರು ತೆಗೆದದ್ದು ಕೇಳಿದ್ಳು. ನನಗೆ ಗೊತ್ತಿಲ್ಲ, ಹೊರಗೆ ಪಟ್ಟಿಯ ಟೀಚರ್ ಕೂತಿದ್ದಾರೆ, ಅವರ ಹತ್ರ ಕೇಳು ಅಂದೆ. ಕಿಟಕಿಯಿಂದ ನಿಮ್ಮನ್ನೇ ನೋಡ್ತಾ ನಿಂತ್ಳು. 'ಅಮ್ಮನೇ ತೆಗೆದದ್ದಾದ್ರೆ ನಾನು ಕೇಳುದಿಲ್ಲ' ಅಂದ್ಳು. ಮತ್ತೆ ನೋಡುವಾಗ ಇಲ್ಲ." ಮೇಷ್ಟ್ರು ಬೆವರು ಒರೆಸಿಕೊಂಡ. "ನಿಮಗೆ ಮಗಳಿದ್ದಾಳಾ ಟೀಚರ್?"

ಕುಮುದಿನಿ ಎದ್ದು ಕಿಟಕಿಯ ಹತ್ತಿರ ಹೋದರು. ಆಚೆ ಬೆಂಚು, ಮೇಜು, ಓಟಿನ ಯಂತ್ರ ಮಾತ್ರ ಕಂಡವು. ಸರಳು ಹಿಡಿದುಕೊಂಡು ಅವರು ಅತ್ತರು. ಹದಿನೇಳು ವರ್ಷದಲ್ಲಿ ಮೊದಲ ಸಲ.

"ಇದ್ದಾಳೆ," ಎಂದರು. "ಹದಿನೆಂಟು ಆಯ್ತು."