ಶರಣಪ್ಪನೂ ಸಾಲಿನಲ್ಲಿ ನಿಂತ ದಿನ

ಇವತ್ತು ಬೆಳಿಗ್ಗೆ ಮಣಿಕೊಂಡದ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ಸ್ಪಿರಿಟ್ಟಿನ ಹತ್ತಿ ಚರ್ಮಕ್ಕೆ ತಾಗಿದ್ದೇ ತಡ, ಆ ತಣ್ಣನೆಯ ವಾಸನೆ ನನ್ನನ್ನು ಏಳೆಂಟು ವರ್ಷ ಹಿಂದಕ್ಕೆ ಒಯ್ದು, ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ನಾಗಮ್ಮನ ಪಕ್ಕದಲ್ಲಿ ಕೂರಿಸಿತು. ವಾಸನೆಗಳೇ ಹೀಗೆ ನೋಡಿ, ಹೇಳದೆ ಕೇಳದೆ ಕೈಹಿಡಿದು ಎಳೆದೊಯ್ಯುತ್ತವೆ.

ನಾಗಮ್ಮ ಯಾದಗಿರಿ ಕಡೆಯವಳು. ಗಂಡ ಶರಣಪ್ಪ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಏಳುತ್ತಿದ್ದ ಕಟ್ಟಡದಲ್ಲಿ ಗೌಂಡಿ. ಅವಳು ಅಲ್ಲೇ ಇಟ್ಟಿಗೆ ಹೊರುತ್ತಿದ್ದಳು. ನಾನು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, ಕೆಳಗಿನಿಂದಲೇ "ಅಕ್ಕಾರ, ನೀವು ನಮ್ಮ ಕಡಿಯವರೇನ್ರಿ?" ಎಂದು ಕೂಗಿದ್ದಳು. ಇದೇ ಊರಿನ ನಾರಾಯಣಗೂಡದಲ್ಲಿ ಹುಟ್ಟಿ, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ ಎಂದು ಬೆಳೆದ ನನಗೆ ಆ ಕೂಗು ತವರಿನಿಂದಲೇ ಬಂದಂತಿತ್ತು. ಹಾಗೆ ಶುರುವಾಯಿತು ಸ್ನೇಹ. ಅವಳು ಬಸುರಿಯಾದಾಗ, "ಎರಡು ಕೂಸು ಹೊಟ್ಟ್ಯಾಗ ಹೋಗ್ಯಾವ್ರಿ. ತೆಲುಗು ನನಗ ತಿಳಿಯಂಗಿಲ್ಲ, ಡಾಕ್ಟರ್ ಕಡೆ ನೀವಽ ಬರ್ರಿ" ಎಂದಳು. ದೊಡ್ಡ ದುಭಾಷಿಯ ಗತ್ತಿನಲ್ಲಿ ಹೊರಟೆ.

ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಡಾಕ್ಟರಮ್ಮ ತೆಲುಗಿನಲ್ಲಿ ಹೇಳಿದರು: "ಸಿಫಿಲಿಸ್. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಅಂತ ತಿಳಿಸಿ ಹೇಳಿ."

ನಮ್ಮ ಮನೆಯಲ್ಲಿ ಸೊಂಟದ ಕೆಳಗಿನ ರೋಗಗಳಿಗೆಲ್ಲ ಇದ್ದದ್ದು ಒಂದೇ ಹೆಸರು, 'ಅದು'. ನನ್ನ ಗತ್ತು ಅಲ್ಲೇ ಇಳಿಯಿತು. "ಅಂದ್ರ ನಾಗಮ್ಮ, ದೇಹಸಂಪರ್ಕ..." ಎಂದೆ.

"ಕೈ ಮುಟ್ಟಿದ್ರೇನ್ರಿ?"

"ಅಲ್ಲಲ್ಲ, ದಾಂಪತ್ಯದೊಳಗ..."

"ಕೂಡಿ ಮಲಗಿದ್ರ ಬರತೈತಿ ಅನ್ನಾಕತ್ತೀರೇನ್ರಿ? ಹಂಗಂತ ಹೇಳ್ರಿ ಮತ್ತ!"

ಅವಳು ನಕ್ಕಳು. ನನ್ನ ಪೇಚಾಟ ಕಂಡು ಡಾಕ್ಟರಮ್ಮ ಕೂಡ ನಕ್ಕುಬಿಟ್ಟರು. ಆದರೆ ನಾಗಮ್ಮನ ನಗು ನಡುವೆಯೇ ನಿಂತಿತು. "ನನಗ ಗಂಡನ್ನ ಬಿಟ್ರ ಬ್ಯಾರೆ ಯಾರೂ ಗೊತ್ತಿಲ್ರೀ."

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು, ನಾನು ಒಂದೊಂದನ್ನೇ ಕನ್ನಡಕ್ಕೆ ತಿರುಗಿಸಿದೆ. ಈ ರೋಗ ಶುರುವಾಗುವುದು ನೋವಿಲ್ಲದ ಒಂದು ಹುಣ್ಣಿನಿಂದ. ಅದು ತಾನಾಗಿ ಮಾಯುತ್ತದೆ. ಮನುಷ್ಯ ವಾಸಿಯಾಯಿತೆಂದು ಮರೆತುಬಿಡುತ್ತಾನೆ. ಸೋಂಕು ಮಾತ್ರ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೇ ಇದ್ದು, ಜೊತೆ ಮಲಗಿದವರಿಗೆ ದಾಟಬಹುದು, ತಾಯಿಯಿಂದ ಹೊಟ್ಟೆಯ ಕೂಸಿಗೂ ದಾಟಬಹುದು. ಹಿಂದಿನ ಎರಡು ಕೂಸುಗಳು ಇದರಿಂದಲೇ ಹೋಗಿರಬಹುದು. ತಾಯಿಗೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು ಈ ಕೂಸನ್ನು ಉಳಿಸಬಹುದು. ಆದರೆ ಗಂಡನೂ ಪರೀಕ್ಷೆ ಮಾಡಿಸಿಕೊಂಡು ಚಿಕಿತ್ಸೆ ಪಡೆಯಬೇಕು. ಇಲ್ಲದಿದ್ದರೆ ವಾಸಿಯಾದವಳಿಗೆ ಅವನಿಂದ ಮತ್ತೆ ಬರುತ್ತದೆ.

ಅವತ್ತೇ ಮೊದಲ ಸೂಜಿ ಚುಚ್ಚಿಸಿಕೊಂಡ ನಾಗಮ್ಮ, ಕೆಲಸಗಾರರ ಶೆಡ್ಡಿಗೆ ಹೋಗಿ ಗಂಡನಿಗೂ ಅತ್ತೆಗೂ ರೋಗದ ಹೆಸರನ್ನು ಮುಚ್ಚಿಡದೆ ಹೇಳಿದಳು. ಮರುದಿನ ನಾನು ಹೋಗುವಷ್ಟರಲ್ಲಿ ಅತ್ತೆ ಭೀಮವ್ವ ಅವಳ ತಾಟು ಬೇರೆ ಇಟ್ಟಿದ್ದಳು. ನೆರೆಯ ಹೆಂಗಸರು ಸಂಡಾಸಿಗೆ ಬರಬೇಡವೆಂದಿದ್ದರು. ಶರಣಪ್ಪ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದ. "ನನಗೇನಾಗೈತಿ? ಗಟ್ಟಿಮುಟ್ಟ ಅದೀನಿ. ನೀನಽ ಎಲ್ಲಿಂದೋ ತಂದೀದಿ. ಬಸ್ ಹತ್ತಿಸ್ತೀನಿ, ತವರಿಗೆ ನಡಿ!"

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಭಾಷಣಕ್ಕೆ ನಾನು ಬಾಯಿ ತೆರೆದೆ. ನಾಗಮ್ಮ ಕೈಯಲ್ಲೇ ನನ್ನನ್ನು ತಡೆದು, ಎದ್ದು ನಿಂತಳು.

"ಯತ್ತೀ, ಇದು ತಾಟಿನಿಂದ ಬರೂದಿಲ್ಲ, ನೀರಿನಿಂದ ಬರೂದಿಲ್ಲ, ಸಂಡಾಸಿನಿಂದ ಬರೂದಿಲ್ಲ. ಕೂಡಿ ಮಲಗಿದ್ರ ಬರತೈತಿ." ಶೆಡ್ಡಿನ ಸಾಲೆಲ್ಲ ಕೇಳುವ ಹಾಗೆ ಹೇಳಿ ಗಂಡನ ಕಡೆ ತಿರುಗಿದಳು. "ಯಾರು ತಂದ್ರು ಅಂತ ನಾ ಕೇಳಂಗಿಲ್ಲ. ಎರಡು ಕೂಸು ಮಣ್ಣಿಗೆ ಕೊಟ್ಟೀವಿ. ಇದನ್ನ ಕೊಡಂಗಿಲ್ಲ. ನೀ ಸೂಜಿ ಚುಚ್ಚಿಸ್ಕೊಂಡು, ಡಾಕ್ಟರ್ ಹೂಂ ಅನ್ನೂತನಕ ನನ್ನ ಮಗ್ಗಲಿಗೆ ಬರಬ್ಯಾಡ."

ಭೀಮವ್ವ ಮೆಲ್ಲಗೆ ಕೇಳಿದಳು, "ಆ ಎರಡು ಕೂಸೂ ಇದರಿಂದಽ ಹೋದ್ವೇನು?"

"ಹೋಗಿರಬಹುದು ಅಂದಾರವ್ವ."

ಮುದುಕಿ ಮಗನತ್ತ ನೋಡಿದಳು. "ಅಂಗಿ ತೊಟ್ಕೋ. ಏಳು."

ಗೋಡೆಗಳನ್ನೇ ಎಬ್ಬಿಸುವ ಶರಣಪ್ಪ ಆಸ್ಪತ್ರೆಯ ಸಾಲಿನಲ್ಲಿ ಬೆವರಿ ನಿಂತಿದ್ದ. ಅವನ ರಕ್ತದಲ್ಲೂ ಸೋಂಕಿತ್ತು. ಸೂಜಿ ಕಂಡದ್ದೇ ಗಟ್ಟಿಯಾಗಿ ಕಣ್ಣು ಮುಚ್ಚಿದ. ನಾಗಮ್ಮ ಅವನ ಭುಜ ಹಿಡಿದು ನನ್ನ ಕಡೆ ನೋಡಿ ಕಣ್ಣು ಹೊಡೆದಳು.

ಹೆಣ್ಣು ಹುಟ್ಟಿತು. ಹೆರಿಗೆ ಕೋಣೆಯ ಬಾಗಿಲು ದಾಟಿ ಬಂದ ಆ ಅಳುವಿಗೆ ಸಮನಾದ ಸಂಗೀತ ನಾನು ಇವತ್ತಿಗೂ ಕೇಳಿಲ್ಲ. ಡಾಕ್ಟರಮ್ಮ ತಿಂಗಳುಗಟ್ಟಲೆ ಕೂಸಿನ ರಕ್ತ ನೋಡುತ್ತಾ ಬಂದು, ಕೊನೆಗೆ "ಏನೂ ಇಲ್ಲ, ಆರಾಮವಾಗಿದೆ" ಎಂದ ದಿನ ಭೀಮವ್ವ ಶೆಡ್ಡಿಗೆಲ್ಲ ಫೇಡೆ ಹಂಚಿದಳು. ಸಂಡಾಸಿಗೆ ಬರಬೇಡ ಎಂದವರೂ ಎರಡೆರಡು ತಿಂದರು.

ಲ್ಯಾಬಿನಿಂದ ಹೊರಗೆ ಬಂದವಳೇ ನಾಗಮ್ಮನಿಗೆ ಫೋನು ಮಾಡಿದೆ. ಈಗ ಅವರು ಕೋಕಾಪೇಟೆಯ ಕಡೆ ಕೆಲಸಕ್ಕಿದ್ದಾರೆ.

"ಆಸ್ಪತ್ರ್ಯಾಗ ಅದೀನ್ರಿ ಅಕ್ಕಾರ! ಮಗ್ಗಲ ಶೆಡ್ಡಿನಾಕಿ ಬಸುರಿ ಅದಾಳ, ರಗತ ತೋರಸಾಕ ಕರ್ಕೊಂಡು ಬಂದೀನಿ. ಆಕಿ ಗಂಡನ್ನೂ ಎಳಕೊಂಡು ಬಂದೀನ್ರಿ!"

ನಾನು ಒಬ್ಬಳೇ ನಗುತ್ತಾ ಮನೆಗೆ ಬಂದು ಲಿಫ್ಟು ಹತ್ತಿದೆ. ಲಿಫ್ಟಿನಲ್ಲಿದ್ದ ಕೆಳಗಿನ ಮನೆಯ ತೆಲುಗು ಗೆಳತಿ, ಏನು ಅಷ್ಟು ಖುಷಿ ಎಂದು ಕೇಳಿದಳು. ಹಿಂದೆಯಾಗಿದ್ದರೆ 'ಏನಿಲ್ಲ' ಎನ್ನುತ್ತಿದ್ದೆ. ಇವತ್ತು ರೋಗದ ಹೆಸರಿನಿಂದ ಹಿಡಿದು ಅದು ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಹೇಗೆ ವಾಸಿಯಾಗುತ್ತದೆ ಎಂಬುದನ್ನೆಲ್ಲ ದನಿ ತಗ್ಗಿಸದೆ ಹೇಳಿದೆ. ಅವಳ ಅಂತಸ್ತು ಬಂದು ಬಾಗಿಲು ತೆರೆದುಕೊಂಡಿತು. ಅವಳು ಇಳಿಯಲಿಲ್ಲ.

"ಆ ಕೂಸು ಈಗ?" ಎಂದಳು.

"ಎರಡನೇ ಕ್ಲಾಸು," ಎಂದೆ.