ಹೊಳೆ ಏರುವಾಗ ಬಿಚ್ಚಿದ ಎಂಜಿನ್

ಕೃಷ್ಣೆಯ ನೀರು ಕುಡಚಿ ಸೇತುವೆಯ ಹೊಟ್ಟೆಗೆ ತಾಗಿದ ದಿನವೇ ನಾನು ನನ್ನ ಕಾರಿನ ಟೈಮಿಂಗ್ ಬೆಲ್ಟ್ ಬಿಚ್ಚಿದೆ. ಕೇಳಿದವರು ಹುಚ್ಚ ಅನ್ನಬಹುದು. ಆದರೆ ಆ ಬೆಳಿಗ್ಗೆ ನನ್ನ ಅಂದಾಜು ಸರಿಯಾಗಿಯೇ ಇತ್ತು.

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಮಿರಜಿನಲ್ಲಿ ಆಪರೇಷನ್ ಮಾಡಿಸಿ ಮನೆಗೆ ತಂದು ಮಲಗಿಸಿದ್ದೆವು. ಕುಲುಕಬಾರದು ಎಂದು ಡಾಕ್ಟರು ಮೇಲಿಂದ ಮೇಲೆ ಹೇಳಿ ಕಳಿಸಿದ್ದರು. ನೀರು ಓಣಿಗೆ ಬರುವ ಮೊದಲು ಅವಳನ್ನು ಪಾಲಬಾವಿಯಲ್ಲಿರುವ ನನ್ನ ತಂಗಿಯ ಮನೆಗೆ ಮುಟ್ಟಿಸಬೇಕಿತ್ತು. ಅದಕ್ಕೆ ನನ್ನ ಕಾರೇ ಬೇಕು. ಹಳೆಯ ಕಾಲದ ಡೀಸೆಲ್ ಗಾಡಿ, ಅಂಥದ್ದು ಈಗ ನಮ್ಮ ಭಾಗದಲ್ಲಿ ಹುಡುಕಿದರೂ ಸಿಗದು. ಮುಂದಿನ ಸೀಟು ಪೂರಾ ಹಿಂದಕ್ಕೆ ಮಲಗುವಂತೆ ನಾನೇ ವೆಲ್ಡಿಂಗ್ ಮಾಡಿದ್ದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಗ್ಯಾರೇಜಿನಲ್ಲಿ ನಟ್ಟು-ಬೋಲ್ಟು ತಿರುಗಿಸುವ ಪಾನಾ ಹಿಡಿದವನು ನಾನು. ಕುಡಚಿ ಸ್ಟೇಷನ್ನಿನಿಂದ ಅಥಣಿಗೆ, ರಾಯಬಾಗಕ್ಕೆ ಬಾಡಿಗೆ ಹೊಡೆದು ಮನೆ ನಡೆಸಿದ್ದು ಈ ಗಾಡಿಯಿಂದ. ಬೇರೆಯವರ ಪಾನಾ ಅದಕ್ಕೆ ತಾಗಲು ಬಿಟ್ಟವನಲ್ಲ.

ಹಿಂದಿನ ದಿನ ಕವರ್ ತೆಗೆದು ನೋಡಿದಾಗ ಬೆಲ್ಟಿನ ಅಂಚು ಸವೆದು ದಾರ ಎದ್ದಿತ್ತು. ಅವ್ವನನ್ನು ಮಲಗಿಸಿಕೊಂಡು ಹೋಗುವಾಗ ನಡುದಾರಿಯಲ್ಲಿ ಹರಿದರೆ ಏನು ಗತಿ? ಹೊಸ ಬೆಲ್ಟ್ ಮನೆಯಲ್ಲೇ ಇತ್ತು. ನೀರು ಬರಲು ಇನ್ನೊಂದು ದಿನವಾದರೂ ಬೇಕು ಎಂದು ಊರೆಲ್ಲ ಹೇಳುತ್ತಿತ್ತು.

ಎದುರುಮನೆಯ ಗೆಳೆಯ ಎಮ್ಮೆ ಸಾಕಿಕೊಂಡವನು. ಅವನು ಟ್ರ್ಯಾಕ್ಟರ್ ತೊಳೆಯುತ್ತ ನನ್ನನ್ನು ನೋಡಿ ನಕ್ಕ.

“ಹೊಳಿ ಬರೂ ಹೊತ್ತಿನ್ಯಾಗ ಗಾಡಿ ಹೊಟ್ಟಿ ಕೊಯ್ಯಾಕತ್ತೀಯಲ್ಲೋ! ಟ್ರೇಲರ್‌ದಾಗ ಗಾದಿ ಹಾಸ್ತೀನಿ, ಅವ್ವನ್ನ ನಾ ಒಯ್ತೀನಿ ಬಿಡು.”

“ನಮ್ಮವ್ವ ಏನ್ ಕಬ್ಬಿನ ಗಳಾ ಏನಲೇ, ಟ್ರೇಲರ್‌ನ್ಯಾಗ ಹೇರಾಕ?” ಅಂದೆ.

“ನಿನ್ನ ಗಾಡಿಗಿಂತ ನನ್ನ ಎಮ್ಮಿ ಪಾಡ, ಹ್ವಾದಲ್ಲೆ ಕುಂದ್ರೂದಿಲ್ಲ,” ಎಂದು ಅವನು ಒಳಗೆ ಹೋದ.

ಎಂಜಿನ್ನಿನ ಕೆಳಗಿನ ಚಕ್ರ ಪಿಸ್ಟನ್‌ಗಳನ್ನು ಏರಿಸಿ ಇಳಿಸುತ್ತದೆ. ಮೇಲಿನ ಚಕ್ರ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ತಾಳ ಹಿಡಿದು ನಡೆಸುವುದೇ ಬೆಲ್ಟ್. ಅದನ್ನು ತೆಗೆದ ಮೇಲೆ ಯಾವ ಚಕ್ರವೂ ಕದಲಬಾರದು. ನಾನು ತಂಬಾಕಿನ ಸಂಚಿಯ ಸುಣ್ಣ ಬೆರಳಿಗೆ ತೆಗೆದು ಎರಡೂ ಚಕ್ರಗಳ ನೆತ್ತಿಗೆ ಚುಕ್ಕೆ ಇಟ್ಟೆ. ನಮ್ಮ ಓಣಿ ಹೊಳೆಯ ಕಡೆಗೆ ಇಳಿಜಾರು, ನನ್ನ ಹ್ಯಾಂಡ್‌ಬ್ರೇಕ್ ಸಡಿಲು. ಅದಕ್ಕೆ ಗಾಡಿಯನ್ನು ಗೇರಿನಲ್ಲೇ ಬಿಟ್ಟು ಹಿಂದಿನ ಗಾಲಿಗೆ, ಇಳಿಜಾರಿನ ಕಡೆ, ಒಂದು ಕಲ್ಲು ಕೊಟ್ಟಿದ್ದೆ.

ಬೆಲ್ಟ್ ಬಿಚ್ಚಿದ ಮೇಲೆ ಅದನ್ನು ಬಿಗಿ ಹಿಡಿಯುವ ರೋಲರ್ ತಿರುಗಿಸಿ ನೋಡಿದರೆ ಒಳಗೆ ಗರಗರ. ಹೊಸದು ಹಾರೂಗೇರಿಯಲ್ಲಿ ಮಾತ್ರ ಸಿಗುತ್ತಿತ್ತು. ಗಾಡಿಗೆ ತಾಡಪತ್ರಿ ಹೊದಿಸಿ ಬಸ್ಸು ಹಿಡಿದೆ.

ತಿರುಗಿ ಬರುವಾಗ ಬಸ್ಸಿನಲ್ಲೇ ಸುದ್ದಿ ಸಿಕ್ಕಿತು: ಸೇತುವೆ ಮುಳುಗಿದೆ. ಇಳಿದು ಓಣಿ ಹೊಕ್ಕಾಗ ಒಂದು ಕೋಳಿಯ ಸದ್ದೂ ಇರಲಿಲ್ಲ. ಗಟಾರದ ನೀರು ಹೊಳೆಯ ಕಡೆಗೆ ಹೋಗುವ ಬದಲು ಹಿಂದಕ್ಕೆ, ಮನೆಗಳ ಕಡೆಗೆ ಮೆಲ್ಲಗೆ ಹರಿಯುತ್ತಿತ್ತು. ಅದರಲ್ಲಿ ಕಬ್ಬಿನ ಒಣಗರಿಯ ರವದಿ ತೇಲಿ ಬರುತ್ತಿತ್ತು.

ಗಾಡಿಯ ಹತ್ತಿರ ಬಂದು ನಿಂತೆ. ತಾಡಪತ್ರಿ ಹಾಗೇ ಇತ್ತು. ಆದರೆ ಗಾಡಿ ನಾನು ನಿಲ್ಲಿಸಿದ ಜಾಗದಲ್ಲಿರಲಿಲ್ಲ; ಗಾಲಿಗೆ ಕೊಟ್ಟ ಕಲ್ಲೂ ನಾನಿಟ್ಟ ಕಲ್ಲಲ್ಲ.

ಹೆಂಡತಿ ಬಾಗಿಲಿಗೆ ಬಂದಳು. “ಯಾರ್ ಮುಟ್ಟ್ಯಾರ ಇದನ್ನ?” ಎಂದು ಕೇಳಿದೆ.

“ಎಮ್ಮಿ ಒಯ್ಯೂ ಟ್ರ್ಯಾಕ್ಟರ್ ಹಾಯಲಿಲ್ರಿ. ನಾಕೈದ ಮಂದಿ ಕೂಡಿ ಮ್ಯಾಲಕ ನೂಕಿ ಬಾಜೂಕ ಹಚ್ಚಿದ್ರು. ನೀರ ಬೆನ್ನ ಹತ್ತಿ ಬರಾಕತ್ತೈತಿ, ನಾ ಹೆಂಗ ಬ್ಯಾಡ ಅನ್ಲಿ?”

ಅವಳು ಅನ್ನಲಾರಳು, ಅನ್ನಲೂಬಾರದು. ಬಾಯಿಲ್ಲದ ಜೀವಗಳು ಅವು. ಅಷ್ಟರಲ್ಲಿ ಗೆಳೆಯ ಇನ್ನೊಂದು ಖೇಪಿಗೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದ.

“ಏನ್ ಗಾಡಿಯೋ ಮಾರಾಯಾ, ಗುಂಡಕಲ್ಲ ನೂಕಿದಂಗಾತು! ಜಗ್ಗವಲ್ಲದು. ಎಲ್ಲಾರೂ ಕೂಡಿ ಹೆಗಲ ಕೊಟ್ಟಿವಿ ನೋಡು, ಕಟ್ ಅಂತು. ಆಮ್ಯಾಲ ಹಗರ ಆತು.”

ಗೇರಿನಲ್ಲಿದ್ದ ಗಾಡಿ ನೂಕಿದರೆ ಗಾಲಿಯ ಜೊತೆ ಪಿಸ್ಟನ್ನೂ ತಿರುಗುತ್ತದೆ. ಬೆಲ್ಟ್ ಇಲ್ಲದ ವಾಲ್ವ್ ಮಾತ್ರ ಬಾಯಿ ತೆರೆದು ನಿಂತಲ್ಲೇ ನಿಂತಿರುತ್ತದೆ. ತಾಡಪತ್ರಿ ಎತ್ತಿದೆ. ಮೇಲಿನ ಸುಣ್ಣದ ಚುಕ್ಕೆ ನೆತ್ತಿಯಲ್ಲೇ ಇತ್ತು. ಕೆಳಗಿನದು ಕಾಣಲೇ ಇಲ್ಲ. ಬಗ್ಗಿ ಕೈಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಕೆಳಮಗ್ಗುಲಿಗೆ ಹೋಗಿ ಕುಳಿತಿತ್ತು.

ಗೇರು ತೆಗೆದು, ಪಾನಾ ಹಚ್ಚಿ, ಚಕ್ರ ಹೋದ ದಾರಿಯಲ್ಲೇ ಒಂದೊಂದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತ ಬಂದೆ. ಚುಕ್ಕೆ ನೆತ್ತಿಗೆ ಬಂತು. ರೋಲರ್ ಹಾಕಿದೆ, ಬೆಲ್ಟ್ ಹಾಕಿ ಬಿಗಿದೆ. ಆಮೇಲೆ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ಸುತ್ತಿದೆ. ನಾಲ್ಕು ಸಿಲಿಂಡರ್ ಇದ್ದರೆ, ಒಳಗಿನ ಗಾಳಿ ಒತ್ತಿ ನಾಲ್ಕು ಸಲ ಪಾನಾ ಕೈಗೆ ಬಿಗಿ ಹತ್ತಬೇಕು. ಮೂರು ಸಲ ಹತ್ತಿತು. ನಾಲ್ಕನೆಯ ಸಲ ಕೈ ಖಾಲಿ ಹೋಯಿತು, ಅಟ್ಟ ಹತ್ತುವಾಗ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ. ಮತ್ತೆ ಸುತ್ತಿದೆ. ಮತ್ತೆ ಹಾಗೆಯೇ. ಒಂದು ವಾಲ್ವ್ ಬಾಗಿತ್ತು.

“ಮುಗೀತನ್ರಿ?” ಹೆಂಡತಿ ಕೇಳಿದಳು. ಗಟಾರದ ನೀರು ನಮ್ಮ ಕಟ್ಟೆಯ ಕೆಳಗಿನ ಕಲ್ಲು ನೆಕ್ಕುತ್ತಿತ್ತು.

“ಮುಗೀತು,” ಅಂದೆ.

ಗಾಡಿ ಬಹಳ ಹೊತ್ತು ಕೆಮ್ಮಿ ಮೂರೇ ಸಿಲಿಂಡರಿನ ಮೇಲೆ ಚಾಲೂ ಆಯಿತು. ಮೈಯೆಲ್ಲ ನಡುಗಿಸುತ್ತ ಬಿಳಿ ಹೊಗೆ ಬಿಟ್ಟಿತು. ಗಾಡಿ ನೂಕಿದವರೇ ಅವ್ವನನ್ನು ಕೌದಿಯಲ್ಲಿ ಎತ್ತಿ ತಂದು ಸೀಟಿನಲ್ಲಿ ಮಲಗಿಸಿದರು. ಹೆಂಡತಿ ಹಿಂದೆ ಕುಳಿತು ಅವಳ ತಲೆ ಹಿಡಿದುಕೊಂಡಳು.

“ಯಾಕೋ, ಗಾಡಿ ಕುಂಟಾಕತ್ತೈತಲ್ಲ?” ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಥಂಡಿ ಹಿಡದೈತಬೇ.”

“ಸುಳ್ಳ ಹೇಳಬ್ಯಾಡ. ನನ್ನ ಸೊಂಟ ಮುರದೈತಿ, ಕಿವಿ ಅಲ್ಲ.”

ಊರ ಹೊರಗಿನ ಹಳ್ಳದ ಹತ್ತಿರ ರಸ್ತೆ ಇರಲಿಲ್ಲ. ಕೆಂಪು ನೀರು ಅಡ್ಡ ಮಲಗಿತ್ತು, ಅಂಚಿನ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಗೆಳೆಯ ಮೇವು ಹೇರಿದ ಟ್ರ್ಯಾಕ್ಟರನ್ನು ಮುಂದೆ ನಿಲ್ಲಿಸಿ ಇಳಿದು ಬಂದ. ಅವನ ಕೈಯಲ್ಲಿ ಎಮ್ಮೆ ಕಟ್ಟುವ ಹಗ್ಗವಿತ್ತು. ಗಾಡಿಯ ಸಪ್ಪಳ ಕೇಳುತ್ತ ಒಂದು ಗಳಿಗೆ ನಿಂತ. ಆ ‘ಕಟ್’ ಏನಾಗಿತ್ತೆಂದು ಅವನಿಗೂ ತಿಳಿದಿರಬೇಕು.

“ಕಟ್ಟ್ಲ್ಯಾ?” ಅಂದ.

ಈ ಗಾಡಿಗೆ ನಾನು ಯಾವತ್ತೂ ಹಗ್ಗ ಕಟ್ಟಿಸಿರಲಿಲ್ಲ. ಅವ್ವನ ಮುಖ ನೋಡಿದೆ, ನೀರು ನೋಡಿದೆ.

“ಕಟ್ಟು. ಆದ್ರ ಜೋರ ಜಗ್ಗಬ್ಯಾಡ. ಕುಲುಕಬಾರ್ದು.”

“ಗೊತ್ತೈತೋ. ಕಬ್ಬಿನ ಗಳಾ ಅಲ್ಲ,” ಎಂದು ಅವನು ಬಂಪರಿನ ಕೆಳಗೆ ಬಗ್ಗಿದ.

ನೀರಿಗೆ ಇಳಿದೆವು. ನಡು ಹಳ್ಳದಲ್ಲಿ ಎಂಜಿನ್ ಎರಡು ಸಲ ಬಿಕ್ಕಳಿಸಿ ನಿಂತಿತು. ನಾನು ಕೀಲಿ ಮುಟ್ಟಲಿಲ್ಲ. ಮುಂದೆ ಗೆಳೆಯ ತಿರುಗಿ ನೋಡಿ ಗೇರು ಇಳಿಸಿದ. ಹಗ್ಗ ಮೆಲ್ಲಗೆ, ಬಲು ಮೆಲ್ಲಗೆ ಬಿಗಿಯಾಯಿತು. ಬಾಗಿಲ ಸಂದಿಯಿಂದ ನೀರು ಒಳಬಂದು ನನ್ನ ಪಾದ ಮುಟ್ಟಿತು.

“ಈಗ ನೋಡು, ಎಷ್ಟ ಪಾಡ ನಡದೈತಿ,” ಅವ್ವ ಅಂದಳು. “ಸಪ್ಪಳನ ಇಲ್ಲ.”

ನಾನು ಸ್ಟೇರಿಂಗ್ ನೆಟ್ಟಗೆ ಹಿಡಿದುಕೊಂಡು ಹೂಂ ಅಂದೆ.