ಗೋದಾಮಿನ ರೆಕ್ಕೆಗಳು

ಎಂಬತ್ತರ ದಶಕದಲ್ಲಿ, ತಿರ್ಲಾಪುರದ ನಮ್ಮ ಹತ್ತಿ ಗೋದಾಮಿನಲ್ಲಿ, ನನ್ನ ಗಂಡ ಬಿಡಿಭಾಗ ತರಿಸಿಕೊಂಡು ಪುಟ್ಟ ವಿಮಾನವೊಂದನ್ನು ಕಟ್ಟಿದರು. ಬಾಗಿಲು ಎತ್ತಿನ ಚಕ್ಕಡಿ ಹಿಡಿಸುವಷ್ಟೇ ಅಗಲ. ರೆಕ್ಕೆಗಳನ್ನು ಹೊರಗೆ ಬಯಲಲ್ಲೇ ಜೋಡಿಸಬೇಕಿತ್ತು. ಅತ್ತೆ ಹಟ ಹಿಡಿದರು: "ರೆಕ್ಕಿ ಇಲ್ಲದ್ದಕ್ಕ ಪೂಜಿ ಹ್ಯಾಂಗ ಮಾಡ್ಲಿ?" ಪೂಜೆಯ ಮಟ್ಟಿಗೆಂದು ಒಳಗೇ ಜೋಡಿಸಿದೆವು.

ನಾನು ರೆಕ್ಕೆಯ ತುದಿ ಹೊತ್ತು ನಿಂತೆ. ಬುಡದ ತೂತುಗಳು ಕೂಡುವವರೆಗೂ ಗಂಡ ಕೂಗುತ್ತಿದ್ದರು: "ತುಸು ಮ್ಯಾಲೆ ಎತ್ತು. ನಾ ಹೇಳೂತನ ಬಿಡಬ್ಯಾಡ." ಬೋಲ್ಟು ಕೂತ ಮೇಲೆಯೇ, "ಹಾಂ, ಬಿಡು ಇನ್ನ" ಅಂದರು.

ಅತ್ತೆ, ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವಂತೆ, ಸೀಟಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬಿದರು. "ಉಡಿ ತುಂಬೇನಿ. ಇನ್ನ ರೆಕ್ಕಿ ಬಿಚ್ಚಬ್ಯಾಡಪಾ, ಅಪಶಕುನ."

ಇವರು ನಕ್ಕು, ಸುಗ್ಗಿ ಮುಗಿದ ಮೇಲೆ ಗೋಡೆ ಒಡೆಸಿದರಾಯಿತು ಎಂದರು. ಸುಗ್ಗಿಯಲ್ಲೇ ಎದೆನೋವು ಬಂದು ತೀರಿಕೊಂಡರು. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ನಕ್ಕು ಒಪ್ಪಿಕೊಂಡರಲ್ಲ, ಇವರ ಮೇಲಿದೆ.

ಗೋಡೆ ಹಾಗೇ ಇದೆ, ವಿಮಾನವೂ ಇದೆ. ಗಾಳಿ ಜೋರಾದರೆ ಕಿಟಕಿಯಿಂದ ನುಗ್ಗಿ ರೆಕ್ಕೆಯನ್ನು ಅಲುಗಿಸುತ್ತದೆ, ಬೋಲ್ಟು ಕಿರುಗುಟ್ಟುತ್ತದೆ. ಹೋಗಿ ತುದಿ ಹಿಡಿದು ನಿಲ್ಲುತ್ತೇನೆ. ಗಾಳಿ ನಿಂತರೂ ನಿಂತೇ ಇರುತ್ತೇನೆ. ತೋಳು ಸೋಲುತ್ತದೆ. ಈ ಸಲ ಅವರು ಇನ್ನೂ ಬಿಡು ಅಂದಿಲ್ಲ.